ಹೆಬ್ಬೆಟ್ಟು ಸಾಲದಂತೆ, ಹೆಸರೂ ಸಾಲದಂತೆ

ನಮ್ಮನ್ನು ಗುರುತು ಹಿಡಿಯುವುದು ಈ ದೇಶಕ್ಕೆ ಯಾವತ್ತೂ ಕಷ್ಟವಾಗಿರಲಿಲ್ಲ. ಹೋಟೆಲಿನ ಹೊರಗೋಡೆಗೆ ಬೇರೆಯಾಗಿ ಕವುಚಿಟ್ಟ ಲೋಟಕ್ಕೆ ನಾವು ಯಾರೆಂದು ಗೊತ್ತಿತ್ತು. ಊರ ಬಾವಿಯ ರಾಟೆಗೆ ಗೊತ್ತಿತ್ತು. ಗುಡಿಯ ಹೊಸ್ತಿಲಿಗೆ, ಕ್ಷೌರದಂಗಡಿಯ ಕನ್ನಡಿಗೆ, ಬಾಡಿಗೆ ಮನೆ ಕೇಳಲು ಹೋದರೆ ಅರ್ಧ ಬಾಗಿಲು ತೆರೆಯುವ ಪೇಟೆಯ ಯಜಮಾನನಿಗೆ, ಯಾರಿಗೂ ನಮ್ಮ ಕಾರ್ಡು ಬೇಕಾಗಿರಲಿಲ್ಲ, ಫೋಟೋ ಬೇಕಾಗಿರಲಿಲ್ಲ. ಅಪ್ಪನ ಹೆಸರು ಕೇಳಿ, ಊರು ಕೇಳಿ, ಊರಿನಲ್ಲಿ 'ಯಾವ ಕಡೆ' ಎಂದು ಕೇಳಿದರೆ ಮುಗಿಯುತ್ತಿತ್ತು. ಇವತ್ತಿಗೂ ಮುಗಿಯುತ್ತದೆ. ಇಷ್ಟು ಚೆನ್ನಾಗಿ ನಮ್ಮನ್ನು ಬಲ್ಲ ವ್ಯವಸ್ಥೆ, ನಮ್ಮದೇ ಎರಡು ಸಾವಿರ ರೂಪಾಯಿ ಕೇಳಲು ಬ್ಯಾಂಕಿನ ಕಿಟಕಿಗೆ ಹೋದ ದಿನ ಮಾತ್ರ ಕಣ್ಣು ಕಿರಿದು ಮಾಡಿ ಕೇಳುತ್ತದೆ: 'ನೀನು ಯಾರಮ್ಮ? ಗುರುತೇನೈತೆ?'

ಈ ಪ್ರಶ್ನೆಗೆ ಅವರಿಟ್ಟಿರುವ ಹೆಸರು ಕೆವೈಸಿ. ನಿಮ್ಮ ಗಿರಾಕಿಯನ್ನು ಅರಿಯಿರಿ ಎಂದು ಅರ್ಥವಂತೆ. ಅರಿವು ಎಂಬುದು ನಮ್ಮ ಭಾಷೆಯಲ್ಲಿ ದೊಡ್ಡ ಮಾತು, ಶರಣರ ಬಾಯಿಂದ ಬಂದ ಮಾತು. ಬ್ಯಾಂಕಿನವರ ಅರಿವು ಜೆರಾಕ್ಸ್ ಅಂಗಡಿಯಲ್ಲಿ ಎರಡು ರೂಪಾಯಿಗೆ ಸಿಗುತ್ತದೆ.

ಇದರ ಹಿಂದಿರುವುದು 2002ರ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆ. ಕಪ್ಪು ಹಣವನ್ನು ಬಿಳಿ ಮಾಡುವವರನ್ನು ಹಿಡಿಯಲು ಬೀಸಿದ ಬಲೆ. ಅದರಲ್ಲಿ ಬಿದ್ದು ಒದ್ದಾಡುತ್ತಿರುವವಳು ಗೃಹಲಕ್ಷ್ಮಿಯ ಎರಡು ಸಾವಿರಕ್ಕೆ ತಿಂಗಳೆಲ್ಲ ಕಾದ ಕೂಲಿ ಹೆಂಗಸು. 2014ರ ಆಗಸ್ಟ್ 28ರಂದು ಜನಧನ ಅಂತ ತಮಟೆ ಬಾರಿಸಿ ಖಾತೆ ತೆರೆದರು. ಒಂಬತ್ತು ವರ್ಷಕ್ಕೆ ಐವತ್ತು ಕೋಟಿ ಖಾತೆ ಆದವು ಎಂದು ಭಾಷಣ ಮಾಡಿದರು. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ 'ಕಡಿಮೆ ಅಪಾಯ'ದ ಗಿರಾಕಿ ಹತ್ತು ವರ್ಷಕ್ಕೊಮ್ಮೆ ಗುರುತು ಹೊಸದು ಮಾಡಿಸಬೇಕು. (ನಾವು ಕಡಿಮೆ ಅಪಾಯದವರಂತೆ. ಈ ಮಾತನ್ನು ಸುಳ್ಳು ಮಾಡುವ ಹೊಣೆ ನಮ್ಮ ಮೇಲಿದೆ.) ಹತ್ತು ವರ್ಷ ತುಂಬಿತು. ಕಾಗದ ಬರಲಿಲ್ಲ, ಬಂದಿದ್ದರೂ ಇಂಗ್ಲಿಷಿನಲ್ಲಿತ್ತು. ಒಂದು ದಿನ ಹೋದರೆ ಖಾತೆಗೆ ಬೀಗ. ಬೀಗ ಎಂದರೆ ಎಂಥ ಬೀಗ? ಹಣ ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಗುಡಿಯ ಹುಂಡಿಗೂ ಇದಕ್ಕೂ ಏನು ವ್ಯತ್ಯಾಸ ಹೇಳಿ. ಅಲ್ಲಿ ಪೂಜಾರಿ, ಇಲ್ಲಿ ಮ್ಯಾನೇಜರ್.

ಈಗ ಹೆಸರಿನ ಪುರಾಣ ಕೇಳಿ. ನಮ್ಮ ಅವ್ವಂದಿರ ಹೆಸರನ್ನು ಅವರೇ ಬರೆದುಕೊಂಡವರಲ್ಲ. ಓಟಿನ ಪಟ್ಟಿಯಲ್ಲಿ ಶಾನುಭೋಗನ ಕಿವಿಗೆ ಬಿದ್ದಂತೆ ಕೆಂಪಿ. ರೇಷನ್ ಕಾರ್ಡಿನಲ್ಲಿ ಕೆಂಪವ್ವ. ಆಧಾರ್ ಮಾಡಲು ಬಂದ ಪೇಟೆಯ ಹುಡುಗ ಇಂಗ್ಲಿಷಿನಲ್ಲಿ ಒತ್ತಿ, ಯಂತ್ರ ಅದನ್ನು ಕನ್ನಡಕ್ಕೆ ತಿರುಗಿಸಿ, ಕೆಂಪಮ್ಮ ಹೋಗಿ ಕೇಂಪಮ್ಮ. ಬ್ಯಾಂಕಿನ ಪುಸ್ತಕದಲ್ಲಿ ಗಂಡನ ಹೆಸರು ಮುಂದೆ ಬಂದು ಹೆಂಡತಿಯ ಹೆಸರು ಬಾಲವಾಗಿದೆ. ನಾಲ್ಕೂ ಒಬ್ಬಳೇ ಹೆಂಗಸು. ಕೇರಿಯ ನಾಯಿಗೂ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಹುಟ್ಟಿದ ದಿನ ಕೇಳಿದರೆ, 'ದೊಡ್ಡ ಬರ ಬಂದ ವರ್ಸ ಬುದ್ಧಿ, ರಾಗಿ ಕುಯ್ಲು ಟೈಮು' ಎನ್ನುತ್ತಾಳೆ. ಅದನ್ನು ತುಂಬುವ ಚೌಕ ಫಾರಮ್ಮಿನಲ್ಲಿಲ್ಲ. ಅದಕ್ಕೇ ಆಧಾರಿನಲ್ಲಿ ನಮ್ಮ ಕೇರಿಯ ಅರ್ಧ ಜನ ಜನವರಿ 1ರಂದೇ ಹುಟ್ಟಿದ್ದಾರೆ. ಫಾರಮ್ಮು ಮೊದಲ ಹೆಸರು, ನಡುವಿನ ಹೆಸರು, ಕೊನೆಯ ಹೆಸರು ಎಂದು ಮೂರು ಕೇಳುತ್ತದೆ. ಗೋತ್ರ, ಮನೆತನ, ಜಹಗೀರು ಇದ್ದವರಿಗೆ ಮೂರು ಹೆಸರಿರಬಹುದು. ನಮಗೆ ಇದ್ದದ್ದೇ ಒಂದು. ಅದನ್ನೂ ಊರವರು ಅರ್ಧ ಮಾಡಿ ಕರೆದರು.

ಹೆಬ್ಬೆಟ್ಟಿನ ಕತೆ ಇದಕ್ಕಿಂತ ಹಳೆಯದು. ಏಕಲವ್ಯನ ಮಾತು ಬೇಡ, ಹೇಳಿ ಹೇಳಿ ನಮಗೇ ಸಾಕಾಗಿದೆ. ನಮ್ಮ ತಾತನ ಹೆಬ್ಬೆಟ್ಟಿನ ಮಾತು ಆಡೋಣ. ಸಾಹುಕಾರನ ಪ್ರೋನೋಟಿನ ಮೇಲೆ ಆ ಹೆಬ್ಬೆಟ್ಟು ಎಷ್ಟು ಚೆನ್ನಾಗಿ ಮೂಡಿತ್ತು! ಮೇಲೆ ಏನು ಬರೆದಿದೆ ಎಂದು ತಾತನಿಗೆ ತಿಳಿಯದಿದ್ದರೂ ಕೋರ್ಟಿಗೆ ತಿಳಿಯಿತು, ಅಮಲ್ದಾರನಿಗೆ ತಿಳಿಯಿತು. ಎರಡೆಕರೆ ಹೋಗಲು, ಒಂದು ತಲೆಮಾರು ಜೀತಕ್ಕೆ ಬೀಳಲು ಅಷ್ಟು ಸಾಕಾಯಿತು. ಇವತ್ತು ಅದೇ ಮನೆತನದ ಹೆಬ್ಬೆಟ್ಟು ಯಂತ್ರದ ಗಾಜಿನ ಮೇಲೆ ಕೂತರೆ ಕೆಂಪು ದೀಪ. ಗಾರೆ ಕಲಸಿ, ಸುಣ್ಣ ಬಳಿದು, ಬೀಡಿ ಕಟ್ಟಿ, ಕಳೆ ಕಿತ್ತು ಸವೆದ ಬೆರಳಿನಲ್ಲಿ ಗೆರೆಗಳಿಲ್ಲ. 'ಕೈ ತೊಳ್ಕಂಡು ಬಾರಮ್ಮ' ಎನ್ನುತ್ತಾರೆ. ತೊಳೆದು ಬಂದರೆ 'ಎಣ್ಣೆ ಹಚ್ಕಂಡು ಬಾ'. ಹಚ್ಚಿ ಬಂದರೆ 'ಸರ್ವರ್ ಇಲ್ಲ, ನಾಳೆ ಬಾ'. ನಾಳೆ ಎಂದರೆ ಅವಳಿಗೆ ಒಂದು ದಿನದ ಕೂಲಿ ಮತ್ತು ಹೋಗಿ ಬರುವ ಅಲೆದಾಟ. ನೆಲವನ್ನು ಕಳೆಯುವಾಗ ಸಾಕಾಗಿದ್ದ ಹೆಬ್ಬೆಟ್ಟು ಕೂಲಿ ಪಡೆಯುವಾಗ ಯಾಕೆ ಸಾಲದು? ಉದ್ಯೋಗ ಖಾತ್ರಿಯ ಕೂಲಿಗೆ 2024ರ ಜನವರಿ 1ರಿಂದ ಆಧಾರ್ ಮೂಲಕವೇ ಪಾವತಿ ಎಂದು ಕಡ್ಡಾಯ ಮಾಡಿದವರು ಈ ಪ್ರಶ್ನೆಗೆ ಉತ್ತರ ಹೇಳಲಿಲ್ಲ.

ಇನ್ನು ದುಡ್ಡಿನ ಲೆಕ್ಕ. ಬಡವನಾಗಿರುವುದಕ್ಕೇ ದಂಡ ಹಾಕುವ ಶಾಸ್ತ್ರ ಮನು ಬರೆದನೋ ಇಲ್ಲವೋ, ಬ್ಯಾಂಕಿನವರು ಬರೆದಿದ್ದಾರೆ. ಖಾತೆಯಲ್ಲಿ ಇಂತಿಷ್ಟು ಹಣ ಇರಲೇಬೇಕು, ಇಲ್ಲದಿದ್ದರೆ ಇರುವುದರಲ್ಲೇ ಕಿತ್ತುಕೊಳ್ಳುತ್ತೇವೆ ಎನ್ನುವ ನ್ಯಾಯ. 2018ರಿಂದ ಐದು ವರ್ಷದಲ್ಲಿ ಸರ್ಕಾರಿ ಬ್ಯಾಂಕುಗಳೂ ಐದು ದೊಡ್ಡ ಖಾಸಗಿ ಬ್ಯಾಂಕುಗಳೂ ಸೇರಿ ಈ ಕನಿಷ್ಠ ಮೊತ್ತದ ದಂಡವೆಂದು ಎತ್ತಿದ್ದು 21,000 ಕೋಟಿ ರೂಪಾಯಿಗೂ ಮೇಲೆ. ಎಟಿಎಮ್ಮಿನಿಂದ ಹೆಚ್ಚು ಸಲ ತೆಗೆದದ್ದಕ್ಕೆ 8,000 ಕೋಟಿಗೂ ಮೇಲೆ. ಮೊಬೈಲಿಗೆ ಸಂದೇಶ ಕಳಿಸಿದ್ದಕ್ಕೆ 6,000 ಕೋಟಿಗೂ ಮೇಲೆ. ಇದು ನಾವು ಕಟ್ಟಿದ ಕತೆಯಲ್ಲ, 2023ರ ಆಗಸ್ಟಿನಲ್ಲಿ ಸರ್ಕಾರವೇ ಸಂಸತ್ತಿಗೆ ಒಪ್ಪಿಸಿದ ಲೆಕ್ಕ. ಸಂದೇಶದ ವಿಷಯ ಗಮನಿಸಿ. ನಿಮ್ಮ ಖಾತೆಯಿಂದ ದುಡ್ಡು ಕಳೆದಿದ್ದೇವೆ ಎಂದು ಆಕೆಗೆ ಓದಲು ಬಾರದ ಭಾಷೆಯಲ್ಲಿ ತಿಳಿಸುತ್ತಾರೆ. ತಿಳಿಸಿದ್ದಕ್ಕೆ ಇನ್ನಷ್ಟು ಕಳೆಯುತ್ತಾರೆ. ಅದರ ಮೇಲೆ ನೂರಕ್ಕೆ 18ರಂತೆ ಜಿಎಸ್‌ಟಿ. ದಂಡಕ್ಕೂ ತೆರಿಗೆ ಉಂಟೇನ್ರೀ? ಈ ದೇಶದಲ್ಲಿ ಉಂಟು.

ಜನಧನ ಖಾತೆಗೆ ಈ ದಂಡ ಇಲ್ಲವಲ್ಲ ಎಂದು ಓದಿದವರು ಕೇಳುತ್ತಾರೆ. ನಿಜ, ಇಲ್ಲ. ಆದರೆ ನಮ್ಮ ಹುಡುಗರ ಸ್ಕಾಲರ್‌ಶಿಪ್ಪಿಗೆ, ಸಂಘದ ಸಾಲಕ್ಕೆ ಎಂದು ತೆರೆಸಿದ್ದೆಲ್ಲ ಮಾಮೂಲಿ ಉಳಿತಾಯ ಖಾತೆಗಳು. ಅಲ್ಲದೆ ಬಡವರ ಖಾತೆಯನ್ನೂ ಇವರು ಬಿಟ್ಟಿಲ್ಲ. ತಿಂಗಳಿಗೆ ನಾಲ್ಕು ಸಲ ಮೀರಿ ಹಣ ತೆಗೆದರೆ ಪ್ರತಿ ಸಲಕ್ಕೆ 17 ರೂಪಾಯಿ 70 ಪೈಸೆಯಂತೆ ಸ್ಟೇಟ್ ಬ್ಯಾಂಕು ಮುರಿದುಕೊಂಡಿತ್ತು. 2015ರಿಂದ 2020ರೊಳಗೆ ಸುಮಾರು 12 ಕೋಟಿ ಬಡವರ ಖಾತೆಗಳಿಂದ ಹೀಗೆ 300 ಕೋಟಿ ರೂಪಾಯಿಗೂ ಹೆಚ್ಚು ಎತ್ತಿದೆ ಎಂದು ಮುಂಬಯಿ ಐಐಟಿಯ ಅಧ್ಯಯನ 2021ರಲ್ಲಿ ಬಯಲು ಮಾಡಿತು. ಐದನೇ ಸಲ ಯಾಕೆ ತೆಗೆಯುತ್ತಾರೆ? ಇನ್ನೂರು, ಮುನ್ನೂರು ಎಂದು ಬೇಕಾದಷ್ಟೇ ತೆಗೆಯುವುದರಿಂದ. ಎಲ್ಲ ಒಮ್ಮೆಗೇ ತಂದರೆ ಮನೆಯಲ್ಲಿ ಕುಡುಕ ಗಂಡ ಇದ್ದಾನೆ. ಈ ಸಣ್ಣ ಜಾಣತನಕ್ಕೆ ಹೆಂಗಸು ತೆತ್ತ ಬೆಲೆ 17 ರೂಪಾಯಿ 70 ಪೈಸೆ.

ದಂಡ ಎತ್ತದಿದ್ದರೆ ಬ್ಯಾಂಕು ನಡೆಯುವುದು ಹೇಗೆ ಎಂದು ಕೇಳುವವರಿಗೆ ಬ್ಯಾಂಕುಗಳೇ ಉತ್ತರ ಕೊಟ್ಟಿವೆ. ಸ್ಟೇಟ್ ಬ್ಯಾಂಕು 2020ರಲ್ಲಿ ಕನಿಷ್ಠ ಮೊತ್ತದ ದಂಡ ಕೈಬಿಟ್ಟಿತು, ಕೆನರಾ ಬ್ಯಾಂಕು 2025ರ ಜೂನ್ 1ರಿಂದ ಬಿಟ್ಟಿತು. ಎರಡೂ ಮುಳುಗಲಿಲ್ಲ. ಹಾಗಾದರೆ ಅಷ್ಟು ವರ್ಷ ಎತ್ತಿದ್ದು ಯಾತಕ್ಕೆ? ಅದನ್ನು ವಾಪಸು ಕೊಡುವವರು ಯಾರು?

ನಮ್ಮ ನಾಡಿಗೆ ಬ್ಯಾಂಕು ಹೊಸದಲ್ಲ. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕು ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೆ ಬಂದು ಪಿಗ್ಮಿ ಎತ್ತಿತು. ಆ ಏಜೆಂಟನ ಸೈಕಲ್ಲು ಕೇರಿಯ ಬಾಗಿಲಿಗೂ ತಿರುಗಿತ್ತೋ ಇಲ್ಲವೋ, ಎರಡಾಣೆಗೆ ಬೆಲೆ ಇದೆ ಎಂಬ ತಿಳಿವಳಿಕೆಯಾದರೂ ಇತ್ತು. 1969ರಲ್ಲಿ 14 ಬ್ಯಾಂಕುಗಳು, 1980ರಲ್ಲಿ ಮತ್ತೆ 6 ಬ್ಯಾಂಕುಗಳು ರಾಷ್ಟ್ರೀಕರಣವಾದಾಗ ಇವು ಜನರ ಬ್ಯಾಂಕುಗಳು ಎಂದರು. ಎಂಬತ್ತರ ದಶಕದಲ್ಲಿ ಜನಾರ್ದನ ಪೂಜಾರಿಯವರು ಸಾಲ ಮೇಳ ನಡೆಸಿದರೆ, ಬಡವನಿಗೆ ಕೊಟ್ಟು ಬ್ಯಾಂಕು ಮುಳುಗಿಸುತ್ತಾನೆ ಎಂದು ಪೇಟೆಯ ಮೇಧಾವಿಗಳು ಬಾಯಿ ಬಡಿದುಕೊಂಡರು. ಮುಳುಗಿಸಿದವರು ಯಾರೆಂದು ಈಗ ನೋಡಿ. 2014-15ರಿಂದ 2023-24ರವರೆಗೆ ಹತ್ತು ವರ್ಷದಲ್ಲಿ ಬ್ಯಾಂಕುಗಳು ಲೆಕ್ಕದ ಪುಸ್ತಕದಿಂದ ಅಳಿಸಿದ ಕೆಟ್ಟ ಸಾಲ 16.35 ಲಕ್ಷ ಕೋಟಿ ರೂಪಾಯಿ. ಇದೂ ಸಂಸತ್ತಿನಲ್ಲಿ ಬಂದ ಮಾತು. ಇದು ಮನ್ನಾ ಅಲ್ಲ, ವಸೂಲಿ ಮುಂದುವರಿಯುತ್ತದೆ ಎಂದು ಮಂತ್ರಿಗಳು ಸಮಜಾಯಿಷಿ ಹೇಳಿದರು. ಇರಲಿ ಸ್ವಾಮಿ. ಕೂಲಿಯವಳ 17 ರೂಪಾಯಿ 70 ಪೈಸೆಯನ್ನೂ ಹಾಗೆಯೇ ಮೊದಲು ಪುಸ್ತಕದಿಂದ ಅಳಿಸಿ, ಆಮೇಲೆ ನಿಧಾನವಾಗಿ ವಸೂಲಿಗೆ ಬನ್ನಿ. ಸಾವಿರಾರು ಕೋಟಿ ಸಾಲ ಉಳಿಸಿಕೊಂಡ ವಿಜಯ್ ಮಲ್ಯ 2016ರ ಮಾರ್ಚ್ 2ರಂದು ವಿಮಾನ ಹತ್ತಿದಾಗ ಕರ್ನಾಟಕದಿಂದಲೇ ಆರಿಸಿ ಹೋದ ರಾಜ್ಯಸಭಾ ಸದಸ್ಯ. ಅವನ ಗುರುತು ಎಲ್ಲರಿಗೂ ಇತ್ತು. ಆ ಗುರುತಿನ ಮೇಲೆಯೇ ಸಾಲ ಹುಟ್ಟಿತ್ತು.

ಬ್ಯಾಂಕೇ ಬೇಡ ಎಂದು ನಾವು ಹೇಳುತ್ತಿಲ್ಲ. ಹೆಂಗಸಿನ ಹೆಸರಿನಲ್ಲಿ ಒಂದು ಪಾಸ್‌ಬುಕ್ಕು ಇರುವುದು, ಗೌಡನ ಜಗಲಿಯ ಕೆಳಗೆ ಕೈ ಒಡ್ಡದೆ ಹಣ ಬರುವುದು ಸಣ್ಣ ಮಾತಲ್ಲ. ಸಾಹುಕಾರನ ಕಾಲವೇ ಚೆನ್ನಾಗಿತ್ತು ಎಂದು ನಿಟ್ಟುಸಿರು ಬಿಡುವ ಗೆಳೆಯರು ಅವನ ಬಡ್ಡಿ ಕಟ್ಟಿದವರಲ್ಲ. 1923ರಲ್ಲೇ ರೂಪಾಯಿಯ ಸಮಸ್ಯೆ ಕುರಿತು ಗ್ರಂಥ ಬರೆದ ಬಾಬಾಸಾಹೇಬರ ಮಕ್ಕಳು ನಾವು. ಹಣದ ವಿದ್ಯೆಗೆ ಬೆನ್ನು ತಿರುಗಿಸುವವರಲ್ಲ. ನಮ್ಮ ಜಗಳ ಇರುವುದು ಕಿಟಕಿಯ ಆಚೆ ಕೂತ ಅಹಂಕಾರದ ಜೊತೆ, ಅದು ಬಚ್ಚಿಟ್ಟಿರುವ ಕಾನೂನಿನ ಜೊತೆ.

ಹೌದು, ಬಚ್ಚಿಟ್ಟಿದ್ದಾರೆ. ವಿಳಾಸ, ಹೆಸರು ಏನೂ ಬದಲಾಗದಿದ್ದರೆ ಕೆವೈಸಿಗೆ 'ಬದಲಾವಣೆ ಇಲ್ಲ' ಎಂಬ ಸ್ವಯಂ ಘೋಷಣೆ ಸಾಕು ಎಂದು ರಿಸರ್ವ್ ಬ್ಯಾಂಕು 2023ರ ಜನವರಿಯಲ್ಲೇ ಮತ್ತೆ ಸಾರಿದೆ. ಗಡುವಿಗೆ ಮೊದಲು ಮೂರು ಸಲ ತಿಳಿಸಬೇಕು, ಅದರಲ್ಲಿ ಒಂದು ಕಾಗದದಲ್ಲೇ ಇರಬೇಕು ಎಂದು 2025ರ ಜೂನಿನಲ್ಲಿ ಹೇಳಿದೆ. ಸರ್ಕಾರದ ಅಧಿಕಾರಿ ಸಹಿ ಹಾಕಿದ ಉದ್ಯೋಗ ಖಾತ್ರಿ ಕಾರ್ಡು, ಓಟಿನ ಕಾರ್ಡು ಗುರುತಿನ ದಾಖಲೆಗಳೆಂದು ನಿಯಮದಲ್ಲೇ ಇವೆ. ಮುಪ್ಪಿನಿಂದಲೋ ಗಾಯದಿಂದಲೋ ಬೆರಳು ಹೊಂದದಿದ್ದರೆ ಬೇರೆ ದಾಖಲೆ ನೋಡಿ ಕೆಲಸ ಮಾಡಿಕೊಡಬೇಕು ಎಂದಿದೆ. ಯಾವ ದಾಖಲೆಯೂ ಇಲ್ಲದವನು ಅಧಿಕಾರಿಯ ಎದುರಿನಲ್ಲಿ ಫೋಟೋದ ಮೇಲೆ ಹೆಬ್ಬೆಟ್ಟು ಒತ್ತಿ ಸಣ್ಣ ಖಾತೆ ತೆರೆಯಬಹುದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಹೂಡಿದ ದಾವೆಯಲ್ಲಿ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಕಡ್ಡಾಯವಲ್ಲ ಎಂದು ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 26ರಂದು ತೀರ್ಪು ಕೊಟ್ಟಿತು. ಆದರೆ ಸರ್ಕಾರದ ಸವಲತ್ತು ಪಡೆಯುವವರಿಗೆ ಆಧಾರ್ ಕೇಳಬಹುದು ಎಂದು ಅದೇ ತೀರ್ಪು ಉಳಿಸಿತು. ಅಂದರೆ ಉಳ್ಳವನಿಗೆ ಬಿಡುಗಡೆ, ನಮಗೆ ಮತ್ತೆ ಗಾಜಿನ ಮೇಲೆ ಹೆಬ್ಬೆಟ್ಟು. ಈ ತೀರ್ಪಿನ ಮೇಲೆ ಬೇರೆಯೇ ಜಗಳವಿದೆ, ಇನ್ನೊಮ್ಮೆ ಬರೆಯುತ್ತೇವೆ.

ಹಳ್ಳಿಯ ಮೇಷ್ಟ್ರುಗಳೇ, ಹಾಸ್ಟೆಲಿನ ಗೆಳೆಯರೇ, ಈ ನಿಯಮಗಳನ್ನು ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ಪಂಚಾಯಿತಿ ಗೋಡೆಗೆ, ಹಾಲಿನ ಡೈರಿಗೆ, ನ್ಯಾಯಬೆಲೆ ಅಂಗಡಿಗೆ ಅಂಟಿಸಿ. ಪ್ರತಿ ಪಾಸ್‌ಬುಕ್ಕಿನಲ್ಲೂ ಮುರಿದ ಹಣಕ್ಕೆ ಕೆಂಪು ಗೆರೆ ಎಳೆದು ಕೂಡಿಸಿ. ಬ್ಯಾಂಕಿಗೆ ಕೊಟ್ಟ ದೂರಿಗೆ ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು, ಅದಕ್ಕೆ ಶುಲ್ಕವಿಲ್ಲ. ಕೇಳುವುದಿದ್ದರೆ 14448ಕ್ಕೆ ಫೋನು ಮಾಡಿ. ಮುಂದಿನ ಸೋಮವಾರ ನಮ್ಮ ಕೇರಿಯ ಹೆಂಗಸರು ಒಟ್ಟಿಗೆ ಹೋಗುತ್ತಿದ್ದಾರೆ. ಅರ್ಜಿ ಕನ್ನಡದಲ್ಲಿರುತ್ತದೆ, ಎರಡು ಪ್ರತಿ. ಮಾಮೂಲಿ ಖಾತೆಯನ್ನು ಮೂಲ ಉಳಿತಾಯ ಖಾತೆ ಮಾಡಿಕೊಡಿ, ಮುರಿದ ಹಣದ ಲೆಕ್ಕ ಬರಹದಲ್ಲಿ ಕೊಡಿ, ನಮ್ಮನ್ನು ಬಹುವಚನದಲ್ಲಿ ಮಾತಾಡಿಸಿ ಎಂದು ಮೂರು ಮಾತು. ಎರಡನೇ ಪ್ರತಿಯ ಮೇಲೆ ಬ್ಯಾಂಕಿನ ಸೀಲು ಬೀಳುವ ತನಕ ಯಾರೂ ಕಿಟಕಿ ಬಿಟ್ಟು ಕದಲುವುದಿಲ್ಲ. ರೊಟ್ಟಿ ಬುತ್ತಿ ಕಟ್ಟಿಕೊಂಡೇ ಹೋಗುತ್ತಾರೆ.