ವೇಗದ ಗಣಕಕ್ಕೆ ಬಿಸಿಲೂರಿನ ಪರೀಕ್ಷೆ

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ರೋಣದ ಒಂದು ಮನೆಯ ಮೇಲಂತಸ್ತಿನ ಕೋಣೆ ಎಂದುಕೊಳ್ಳಿ. ಊರಾಚೆ ಎರೆಹೊಲಗಳು ಬಿರುಕುಬಿಟ್ಟು ಬಾಯ್ದೆರೆದಿವೆ. ತಲೆಯ ಮೇಲೆ ಕಾದ ಸಿಮೆಂಟ್ ಸ್ಲ್ಯಾಬು. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುವ ಮಗ ರಜೆಗೆ ಬಂದಿದ್ದಾನೆ. ಮಂಚದ ಗಾದಿಯ ಮೇಲೆ ಅವನ ಹೊಸ ಗೇಮಿಂಗ್ ಲ್ಯಾಪ್‌ಟಾಪು. ಹಾಸ್ಟೆಲಿನಲ್ಲಿ ಸರಾಗವಾಗಿ ಓಡುತ್ತಿದ್ದ ಆಟ ಇಲ್ಲಿ ಇಪ್ಪತ್ತು ನಿಮಿಷಕ್ಕೆಲ್ಲ ಮುಗ್ಗರಿಸತೊಡಗಿದೆ. ಒಳಗಿನ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡುತ್ತಿದೆ.

"ಏನೋ ತಮ್ಮಾ, ಇದರ ಮ್ಯಾಲ ರೊಟ್ಟಿ ಬೇಯಸಬಹುದಲ್ಲೋ!" ಎನ್ನುತ್ತಾಳೆ ಅವ್ವ.

"ಎರಡು ಲಕ್ಷ ರೊಕ್ಕ ಕೊಟ್ಟೀವಿ. ಅಂಗಡ್ಯಾಂವ ಏನರ ಮೋಸ ಮಾಡ್ಯಾನೇನು?" ಇದು ಅಪ್ಪನ ಚಿಂತೆ.

"ಹಂಗಲ್ಲಪಾ, ಇದಕ್ಕಿಂತ ದೊಡ್ಡದು ತಗೋಬೇಕಾಗಿತ್ತು" ಎಂಬುದು ಮಗನ ತೀರ್ಮಾನ.

ಅಂಗಡಿಯವನು ಮೋಸ ಮಾಡಿರಬೇಕೆಂದಿಲ್ಲ. ಇನ್ನೂ ದೊಡ್ಡ ಯಂತ್ರವೂ ಬೇಕಾಗಿಲ್ಲ. ಮೂವರಲ್ಲಿ ಸತ್ಯಕ್ಕೆ ಹತ್ತಿರವಾದ ಮಾತು ಅವ್ವನದು. ಏಕೆಂದರೆ ಇಂದಿನ ಗಣಕದ ವೇಗವನ್ನು ನಿರ್ಧರಿಸುವುದು ಅದರೊಳಗಿನ ಚಿಪ್ ಒಂದೇ ಅಲ್ಲ. ಆ ಚಿಪ್ ಹುಟ್ಟಿಸುವ ಬಿಸಿಯನ್ನು ಎಷ್ಟು ಬೇಗ ಹೊರಗೆ ಹಾಕಬಹುದು ಎಂಬುದೇ ಕೊನೆಗೆ ನಿರ್ಣಾಯಕ.

ಒಳಗೆ ಹೋದದ್ದೆಲ್ಲ ಬಿಸಿಯೇ

ಹೊಲದ ಪಂಪ್‌ಸೆಟ್ಟು ನೀರನ್ನು ಮೇಲೆತ್ತುತ್ತದೆ. ಅದು ಬಳಸಿದ ವಿದ್ಯುತ್ತಿನ ಒಂದು ಪಾಲು ಮೇಲಿನ ತೊಟ್ಟಿಯ ನೀರಿನಲ್ಲಿ ಶಕ್ತಿಯಾಗಿ ಉಳಿಯುತ್ತದೆ. ಗಣಕದಲ್ಲಿ ಹೀಗೆ ಉಳಿಯುವಂಥದ್ದು ಏನೂ ಇಲ್ಲ. ಅದು ಲೆಕ್ಕ ಮಾಡಲಿ, ಚಿತ್ರ ಬಿಡಿಸಲಿ, ಒಳಗೆ 500 ವ್ಯಾಟ್ ಹೋದರೆ ಹೆಚ್ಚುಕಡಿಮೆ 500 ವ್ಯಾಟೂ ಬಿಸಿಯಾಗಿ ಕೋಣೆಗೆ ಬಂದು ಸೇರುತ್ತದೆ. ಶಕ್ತಿಯನ್ನು ನಾಶಮಾಡಲಾಗದು, ರೂಪ ಬದಲಿಸಬಹುದು ಎಂದು ಹೈಸ್ಕೂಲಿನಲ್ಲಿ ಓದುವ ನಿಯಮ ಇದೇ. ಸ್ನಾನದ ನೀರು ಕಾಯಿಸುವ 1000 ವ್ಯಾಟಿನ ಕಾಯಿಲಿಗೆ ಇದು ಅರ್ಧದಷ್ಟು.

1993ರಲ್ಲಿ ಬಂದ ಮೊದಲ ಪೆಂಟಿಯಮ್ ಚಿಪ್ಪಿನ ಬಿಸಿ ಸುಮಾರು 16 ವ್ಯಾಟ್. ಇಂಟೆಲ್‌ನ ಕೋರ್ ಐ9-14900ಕೆ ಪೂರ್ಣ ವೇಗದಲ್ಲಿ 253 ವ್ಯಾಟ್ ಬಳಸಬಹುದೆಂದು ಕಂಪನಿಯೇ ಹೇಳುತ್ತದೆ. ಆಟದ ಚಿತ್ರಗಳನ್ನು ರಚಿಸುವ ಗ್ರಾಫಿಕ್ಸ್ ಕಾರ್ಡ್ ಇನ್ನೂ ಹಸಿದದ್ದು. 2022ರಲ್ಲಿ ಬಂದ ಎನ್‌ವಿಡಿಯಾ ಆರ್‌ಟಿಎಕ್ಸ್ 4090ಕ್ಕೆ 450 ವ್ಯಾಟ್, 2025ರ 5090ಕ್ಕೆ 575 ವ್ಯಾಟ್. ಇಷ್ಟು ಬಿಸಿ ಹುಟ್ಟುವುದು ಬಿಸ್ಕತ್ತಿಗಿಂತ ಚಿಕ್ಕದಾದ ಸಿಲಿಕಾನ್ ತುಣುಕಿನಲ್ಲಿ.

ಗಡಿಗೆಯ ವಿದ್ಯೆ ತಾಮ್ರದ ಕೊಳವೆಯಲ್ಲಿ

ಈ ಬಿಸಿಯನ್ನು ಸಾಗಿಸುವ ಉಪಾಯ ನಮ್ಮ ಮನೆಗಳಿಗೆ ಹೊಸತಲ್ಲ. ಮಣ್ಣಿನ ಗಡಿಗೆಯ ಮೈಯಿಂದ ನೀರು ಆವಿಯಾಗುವಾಗ ಒಳಗಿನ ನೀರಿನಿಂದ ಶಾಖವನ್ನು ಹೀರಿಕೊಳ್ಳುತ್ತದೆ. ಹಾಗಾಗಿ ಗಡಿಗೆಯ ನೀರು ತಂಪು. ಲ್ಯಾಪ್‌ಟಾಪಿನ ಹಿಂಬದಿ ಬಿಚ್ಚಿದರೆ ಚಪ್ಪಟೆಯಾದ ತಾಮ್ರದ ಕೊಳವೆಗಳು ಕಾಣುತ್ತವೆ. ಅವು ಟೊಳ್ಳು. ಒಳಗಿನ ಗಾಳಿಯನ್ನು ತೆಗೆದು, ತೀರ ಸ್ವಲ್ಪ ನೀರು ಹಾಕಿ ಮುಚ್ಚಿರುತ್ತಾರೆ. ಒತ್ತಡ ಕಡಿಮೆ ಇರುವುದರಿಂದ ನೀರು 100 ಡಿಗ್ರಿಗಿಂತ ಬಹಳ ಮೊದಲೇ ಕುದಿಯುತ್ತದೆ. ಚಿಪ್ಪಿನ ಬಳಿ ಆವಿಯಾಗಿ, ಶಾಖವನ್ನು ಹೊತ್ತು, ಇನ್ನೊಂದು ತುದಿಗೆ ಓಡುತ್ತದೆ. ಅಲ್ಲಿ ಫ್ಯಾನಿನ ಗಾಳಿಗೆ ಶಾಖ ಬಿಟ್ಟುಕೊಟ್ಟು ಮತ್ತೆ ನೀರಾಗುತ್ತದೆ. ದೀಪದ ಬತ್ತಿ ಎಣ್ಣೆಯನ್ನು ಎಳೆಯುವಂತೆ ಕೊಳವೆಯ ಒಳಮೈಯ ಪದರ ಆ ನೀರನ್ನು ಮರಳಿ ಚಿಪ್ಪಿನ ಕಡೆಗೆ ಎಳೆದು ತರುತ್ತದೆ. ಪಂಪು ಬೇಡ, ಕರೆಂಟು ಬೇಡ.

ಡೆಸ್ಕ್‌ಟಾಪಿಗೆ ನೀರಿನ ಕೂಲಿಂಗ್ ಹಾಕಿಸಿದರೆ ಬಿಸಿಯೇ ಇರುವುದಿಲ್ಲ ಎಂದು ನಂಬಿದವರಿದ್ದಾರೆ. ಅದು ತಪ್ಪು. ನೀರು ಬಿಸಿಯನ್ನು ಚಿಪ್ಪಿನಿಂದ ದೂರದ ರೇಡಿಯೇಟರಿಗೆ ಒಯ್ಯುತ್ತದೆ, ಅಷ್ಟೆ. ಕೋಣೆಗೆ ಬೀಳುವ 500 ವ್ಯಾಟ್ 500 ಆಗಿಯೇ ಇರುತ್ತದೆ. ಕಿಟಕಿ ಮುಚ್ಚಿದ್ದರೆ ಯಂತ್ರ ತಾನು ಉಗುಳಿದ ಬಿಸಿಯನ್ನು ತಾನೇ ಉಸಿರಾಡುತ್ತದೆ.

ಬೆಂಗಳೂರಿನಲ್ಲಿ ಓಡಿದ್ದು ರೋಣದಲ್ಲಿ ಏಕೆ ಮುಗ್ಗರಿಸಿತು?

ಚಿಪ್ಪು ಸುಮಾರು 100 ಡಿಗ್ರಿ ಸೆಲ್ಸಿಯಸ್ ತಲುಪಿದರೆ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ಇದು ಕೆಟ್ಟ ಲಕ್ಷಣವಲ್ಲ, ಬಿಸಿಲಿನಲ್ಲಿ ಎತ್ತು ನಡಿಗೆ ನಿಧಾನಿಸಿದಂತೆ. ಎಷ್ಟು ಬಿಸಿ ಹೊರಹೋಗುತ್ತದೆ ಎಂಬುದು ಚಿಪ್ಪಿನ ಉಷ್ಣತೆಗೂ ಕೋಣೆಯ ಉಷ್ಣತೆಗೂ ಇರುವ ಅಂತರಕ್ಕೆ ಹೆಚ್ಚುಕಡಿಮೆ ಅನುಪಾತದಲ್ಲಿರುತ್ತದೆ. ಲೆಕ್ಕ ಮಾಡಿ ನೋಡಿ. ಕೋಣೆ 25 ಡಿಗ್ರಿ ಇದ್ದಾಗ ಅಂತರ 75. ಕೋಣೆ 40 ಡಿಗ್ರಿ ಆದಾಗ ಅಂತರ 60. 60ನ್ನು 75ರಿಂದ ಭಾಗಿಸಿದರೆ 0.8. ಎಂದರೆ ಅದೇ ಯಂತ್ರ, ಅದೇ ಫ್ಯಾನು, ಆದರೆ ಹೊರಹಾಕಬಲ್ಲ ಬಿಸಿ ನೂರಕ್ಕೆ ಎಂಬತ್ತು ಮಾತ್ರ. ಗಾದಿಯ ಮೇಲಿಟ್ಟು ಕೆಳಗಿನ ಕಿಂಡಿಗಳನ್ನು ಮುಚ್ಚಿದರೆ ಆ ಎಂಬತ್ತೂ ಸಿಗದು.

ಆದ್ದರಿಂದ ಕೊಳ್ಳುವಾಗ ಮೊದಲ ಎರಡು ನಿಮಿಷದ ವೇಗವನ್ನು ನಂಬಬಾರದು. ಅರ್ಧ ಗಂಟೆ ಸತತ ದುಡಿದ ಮೇಲೆ ಎಷ್ಟು ವೇಗ ಉಳಿಯುತ್ತದೆ ಎಂದು ಕೇಳಬೇಕು.

ಹೆಸರು ಒಂದೇ, ಯಂತ್ರ ಬೇರೆ

ಪಾಲಕರು ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಡೆಸ್ಕ್‌ಟಾಪಿನ ಆರ್‌ಟಿಎಕ್ಸ್ 4090ರಲ್ಲಿ ಲೆಕ್ಕ ಮಾಡುವ ಸಣ್ಣ ಘಟಕಗಳು 16,384. ಅದೇ ಹೆಸರು ಹೊತ್ತ ಲ್ಯಾಪ್‌ಟಾಪ್ ಚಿಪ್ಪಿನಲ್ಲಿ 9,728. ಮೊದಲನೆಯದಕ್ಕೆ 450 ವ್ಯಾಟ್ ಸಿಕ್ಕರೆ ಎರಡನೆಯದಕ್ಕೆ ಹೆಚ್ಚೆಂದರೆ 175. ಇನ್ನು ತೆಳ್ಳಗಿನ ಲ್ಯಾಪ್‌ಟಾಪುಗಳಲ್ಲಿ ತಯಾರಕರು ಅದಕ್ಕೂ ಕಡಿಮೆ ಕೊಡಬಹುದು. ಹಾಗಾಗಿ ಹೆಸರು ನೋಡಿ ಸಾಲದು, 'ಈ ಮಾದರಿಯಲ್ಲಿ ಗ್ರಾಫಿಕ್ಸ್‌ಗೆ ಎಷ್ಟು ವ್ಯಾಟ್?' ಎಂದು ಕೇಳಬೇಕು. ದಪ್ಪನೆಯ, ಒಂದು ದರ್ಜೆ ಕೆಳಗಿನ ಲ್ಯಾಪ್‌ಟಾಪು ತೆಳ್ಳಗಿನ ದುಬಾರಿ ಲ್ಯಾಪ್‌ಟಾಪನ್ನು ಹಿಂದೆ ಹಾಕುವುದುಂಟು.

ಮನೆಯಲ್ಲೇ ಇರುವ ವಿದ್ಯಾರ್ಥಿಗೆ ಡೆಸ್ಕ್‌ಟಾಪು ಲಾಭ. ದೊಡ್ಡ ಪೆಟ್ಟಿಗೆ, ದೊಡ್ಡ ಫ್ಯಾನು, ಕೆಟ್ಟ ಭಾಗವನ್ನಷ್ಟೇ ಬದಲಿಸುವ ಅನುಕೂಲ. ಆದರೆ ಕರೆಂಟು ಹೋದಾಗ ಕಾಯಲು ಯುಪಿಎಸ್ ಬೇಕು. ಹಾಸ್ಟೆಲಿಗೆ ಒಯ್ಯುವವನಿಗೆ ಲ್ಯಾಪ್‌ಟಾಪೇ ಗತಿ. ಅದರ ಬ್ಯಾಟರಿಯೇ ಯುಪಿಎಸ್, ಆದರೆ ಬ್ಯಾಟರಿಯ ಮೇಲೆ ಓಡುವಾಗ ಪೂರ್ಣ ವೇಗ ಸಿಗದು.

ಗುಡ್ಡದ ಗಾಳಿಯಂತ್ರ ಕಲಿಸುವ ಪಾಠ

'ಫ್ಯಾನನ್ನು ಇನ್ನೂ ಜೋರಾಗಿ ತಿರುಗಿಸಿದರಾಯಿತಲ್ಲ?' ಎಂದು ಯಾರಾದರೂ ಕೇಳಬಹುದು. ಉತ್ತರ ಗಜೇಂದ್ರಗಡದ ಗುಡ್ಡಗಳ ಮೇಲಿದೆ. ಅಲ್ಲಿ ತಿರುಗುವ ಗಾಳಿಯಂತ್ರಗಳಿಗೆ ಗಾಳಿಯ ವೇಗ ಎರಡು ಪಟ್ಟಾದರೆ ಆ ಗಾಳಿಯಲ್ಲಿ ದೊರೆಯುವ ಸಾಮರ್ಥ್ಯ ಎರಡು ಪಟ್ಟಲ್ಲ, ಎಂಟು ಪಟ್ಟು. ವೇಗದ ಘನಕ್ಕೆ ತಕ್ಕಂತೆ ಸಾಮರ್ಥ್ಯ ಎಂಬುದು ನಿಯಮ. ಗಣಕದ ಫ್ಯಾನಿಗೂ ಇದೇ ನಿಯಮ, ಆದರೆ ತಿರುವುಮುರುವು. ಎರಡು ಪಟ್ಟು ಗಾಳಿ ಬೇಕೆಂದರೆ ಎಂಟು ಪಟ್ಟು ಸಾಮರ್ಥ್ಯ ತೆರಬೇಕು, ಜೊತೆಗೆ ಗದ್ದಲ. ಅದಕ್ಕೇ ಒಂದು ಸಣ್ಣ ಫ್ಯಾನನ್ನು ಕಿರಿಚಿಸುವುದಕ್ಕಿಂತ ದೊಡ್ಡ ಫ್ಯಾನುಗಳು ನಿಧಾನವಾಗಿ ತಿರುಗುವುದು ಮೇಲು.

ಕಡಿಮೆ ಕೊಟ್ಟು ಹೆಚ್ಚು ಪಡೆಯುವ ಬಗೆ

ಈಗ ಎಲ್ಲಕ್ಕಿಂತ ಸ್ವಾರಸ್ಯದ ವಿಷಯಕ್ಕೆ ಬರೋಣ. ಚಿಪ್ಪು ಲೆಕ್ಕ ಮಾಡುವಾಗ ಹುಟ್ಟುವ ಬಿಸಿ ಎರಡನ್ನು ಅವಲಂಬಿಸುತ್ತದೆ: ಅದು ಸೆಕೆಂಡಿಗೆ ಎಷ್ಟು ಬಾರಿ ಮಿಡಿಯುತ್ತದೆ ಎಂಬ ಆವೃತ್ತಿ, ಮತ್ತು ಅದಕ್ಕೆ ಕೊಡುವ ವೋಲ್ಟೇಜಿನ ವರ್ಗ. ವೇಗ ಹೆಚ್ಚಬೇಕಾದರೆ ವೋಲ್ಟೇಜೂ ಹೆಚ್ಚಬೇಕು. ಹಾಗಾಗಿ ಕೊನೆಯ ಚೂರು ವೇಗ ಬಹಳ ದುಬಾರಿ.

ಒಂದು ಚಿಪ್ಪು 1.3 ವೋಲ್ಟಿನಲ್ಲಿ 100 ವ್ಯಾಟ್ ಬಳಸುತ್ತದೆ ಎಂದಿಟ್ಟುಕೊಳ್ಳಿ. ವೇಗವನ್ನು ನೂರಕ್ಕೆ ಐದರಷ್ಟು ಇಳಿಸಿದರೆ ಅದು 1.1 ವೋಲ್ಟಿನಲ್ಲೂ ದುಡಿಯಬಲ್ಲದು ಎನ್ನೋಣ. 1.1ರ ವರ್ಗ 1.21, 1.3ರ ವರ್ಗ 1.69. ಭಾಗಿಸಿದರೆ 0.716, ಅದನ್ನು 0.95ರಿಂದ ಗುಣಿಸಿದರೆ 0.68. ಐದು ಪಾಲು ವೇಗ ಬಿಟ್ಟುಕೊಟ್ಟು ಮೂವತ್ತೆರಡು ಪಾಲು ಬಿಸಿ ಉಳಿಸಿದಂತಾಯಿತು! ಬಿಸಿಲೂರಿನಲ್ಲಿ ಬಿಸಿಯೇ ಅಡ್ಡಿಯಾದ್ದರಿಂದ, ಹೀಗೆ 'ನಿಧಾನ' ಮಾಡಿದ ಯಂತ್ರ ಅರ್ಧ ಗಂಟೆಯ ನಂತರ ಮೊದಲಿಗಿಂತ ವೇಗವಾಗಿಯೇ ಓಡುವುದುಂಟು.

ಇದಕ್ಕೆ ಅಂಡರ್‌ವೋಲ್ಟಿಂಗ್ ಎನ್ನುತ್ತಾರೆ. ಆದರೆ ಇದಕ್ಕೂ ಮಿತಿ ಇದೆ. ವೋಲ್ಟೇಜು ಅತಿ ಕಡಿಮೆಯಾದರೆ ಲೆಕ್ಕ ತಪ್ಪಿ ಯಂತ್ರ ತಟಕ್ಕನೆ ನಿಲ್ಲುತ್ತದೆ. ಬರೆಯುತ್ತಿದ್ದ ಪ್ರಾಜೆಕ್ಟ್ ಹೋದೀತು. ಒಂದೇ ಮಾದರಿಯ ಎರಡು ಚಿಪ್ಪುಗಳ ಮಿತಿಯೂ ಒಂದೇ ಇರುವುದಿಲ್ಲ, ಗೆಳೆಯನ ಅಂಕಿ ನಕಲು ಮಾಡಬಾರದು. ವೋಲ್ಟೇಜನ್ನು ತಗ್ಗಿಸಿ ಗುಟ್ಟಿನ ಮಾಹಿತಿ ಕದಿಯುವ ಪ್ಲಂಡರ್‌ವೋಲ್ಟ್ ಎಂಬ ದೋಷ 2019ರಲ್ಲಿ ಬಯಲಾದ ಮೇಲೆ ಅನೇಕ ಲ್ಯಾಪ್‌ಟಾಪುಗಳಲ್ಲಿ ಈ ಸೌಲಭ್ಯಕ್ಕೆ ಬೀಗ ಬಿದ್ದಿದೆ. ಅಂಥವರು ಹೆದರಬೇಕಿಲ್ಲ. ಚಿಪ್ಪು ಬಳಸಬಹುದಾದ ಗರಿಷ್ಠ ವ್ಯಾಟನ್ನು ಮಿತಗೊಳಿಸುವುದು ಸುಲಭ ದಾರಿ. ಪರದೆ ಸೆಕೆಂಡಿಗೆ 144 ಚಿತ್ರ ತೋರಿಸಬಲ್ಲದಾದರೆ 220 ಚಿತ್ರ ರಚಿಸುವುದು ವ್ಯರ್ಥ. ಆಟದೊಳಗೇ ಅದಕ್ಕೆ ಮಿತಿ ಹಾಕಬಹುದು.

ವಿರುದ್ಧ ದಿಕ್ಕಿನಲ್ಲಿ ಹೋದರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡ ಉದಾಹರಣೆಯೇ ಇದೆ. ಇಂಟೆಲ್‌ನ 13 ಮತ್ತು 14ನೆಯ ತಲೆಮಾರಿನ ಹಲವು ಡೆಸ್ಕ್‌ಟಾಪ್ ಚಿಪ್ಪುಗಳು ಕಾರಣವಿಲ್ಲದೆ ಕೈಕೊಡತೊಡಗಿದವು. ಚಿಪ್ಪಿಗೆ ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜು ಹೋಗಿ ಅದು ಸವೆಯುತ್ತಿದೆ ಎಂದು 2024ರಲ್ಲಿ ಕಂಪನಿ ಒಪ್ಪಿಕೊಂಡಿತು. ಅದನ್ನು ತಡೆಯುವ ತಿದ್ದುಪಡಿಯನ್ನು ಬಿಡುಗಡೆ ಮಾಡಿ, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಆಗಲೇ ಸವೆದ ಚಿಪ್ಪನ್ನು ಆ ತಿದ್ದುಪಡಿ ಸರಿಪಡಿಸಲಾರದು. ಅಂಥ ಚಿಪ್ಪು ಇರುವವರು ತಯಾರಕರ ಬಯಾಸ್ ತಿದ್ದುಪಡಿ ಹಾಕಿಸಿಕೊಂಡಿದ್ದಾರೆಯೇ ಎಂದು ನೋಡಿಕೊಳ್ಳಬೇಕು.

ಎರೆಮಣ್ಣಿನ ಧೂಳು, ಮಗ್ಗದ ಎಳೆ

ನರಗುಂದದ ಎರೆಮಣ್ಣಿನ ನುಣುಪು ಧೂಳು, ಗಜೇಂದ್ರಗಡದ ಮಗ್ಗದ ಮನೆಗಳ ನೂಲಿನ ಎಳೆ, ಎರಡೂ ಗಣಕಕ್ಕೆ ಶತ್ರುಗಳೇ. ಎಳೆಗಳು ತಾಮ್ರದ ತೆಳು ರೆಕ್ಕೆಗಳ ನಡುವೆ ಜಾಲರಿಯಂತೆ ಕುಳಿತು, ಧೂಳು ಅದಕ್ಕೆ ಮೆತ್ತಿಕೊಂಡು ಗಾಳಿಯ ದಾರಿ ಮುಚ್ಚುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಯಂತ್ರವನ್ನು ಪೂರ್ತಿ ಆರಿಸಿ, ಪ್ಲಗ್ ತೆಗೆದು, ಮೃದು ಕುಂಚದಿಂದ ಅಥವಾ ಬ್ಲೋವರಿನಿಂದ ಕಿಂಡಿಗಳನ್ನು ಸ್ವಚ್ಛಗೊಳಿಸಬೇಕು. ಬ್ಲೋವರ್ ಬಳಸುವಾಗ ಫ್ಯಾನಿನ ರೆಕ್ಕೆ ತಿರುಗದಂತೆ ಹಿಡಿದಿರಬೇಕು, ಇಲ್ಲದಿದ್ದರೆ ಬೇರಿಂಗ್ ಹಾಳಾದೀತು. ಏರ್‌ಕೂಲರಿನ ತೇವದ ಗಾಳಿಯನ್ನು ನೇರವಾಗಿ ಯಂತ್ರದ ಮೇಲೆ ಬಿಡಬಾರದು.

ಕರೆಂಟಿನ ಲೆಕ್ಕವನ್ನೂ ಮರೆಯುವಂತಿಲ್ಲ. 500 ವ್ಯಾಟಿನ ಯಂತ್ರ ದಿನಕ್ಕೆ ನಾಲ್ಕು ತಾಸು ಓಡಿದರೆ ಎರಡು ಯೂನಿಟ್, ತಿಂಗಳಿಗೆ ಅರವತ್ತು. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯ ರಿಯಾಯಿತಿ 200 ಯೂನಿಟ್‌ವರೆಗೆ, ಅದೂ ಆ ಮನೆಯ ಹಿಂದಿನ ಸರಾಸರಿಗೆ ತಕ್ಕಂತೆ. ಅರವತ್ತು ಯೂನಿಟ್ಟು ಸಣ್ಣ ಅಂಕಿಯೇನಲ್ಲ.

ನೀವೇ ಮಾಡಿ ನೋಡಿ

ಗಣಕದ ಉಷ್ಣತೆ ಮತ್ತು ಆವೃತ್ತಿ ತೋರಿಸುವ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಗೋಡೆಗೆ ಒಂದು ಉಷ್ಣಮಾಪಕ ತೂಗುಹಾಕಿ. ಬೆಳಿಗ್ಗೆ ಆರಕ್ಕೂ ಮಧ್ಯಾಹ್ನ ಮೂರಕ್ಕೂ ಅದೇ ಆಟವನ್ನು ಅರ್ಧ ಗಂಟೆ ಓಡಿಸಿ. 1, 10 ಮತ್ತು 30ನೆಯ ನಿಮಿಷದಲ್ಲಿ ಅಂಕಿಗಳನ್ನು ಬರೆದುಕೊಳ್ಳಿ. ಮರುದಿನ ಲ್ಯಾಪ್‌ಟಾಪಿನ ಹಿಂಬದಿಗೆ ಎರಡು ಬೆರಳಿನಷ್ಟು ಆಸರೆ ಕೊಟ್ಟು, ಚಿತ್ರಗಳ ಸಂಖ್ಯೆಗೆ ಮಿತಿ ಹಾಕಿ ಮತ್ತೆ ಅಳೆಯಿರಿ. ಒಮ್ಮೆಗೆ ಒಂದನ್ನೇ ಬದಲಿಸಿ, ಇಲ್ಲದಿದ್ದರೆ ಯಾವುದರಿಂದ ಏನಾಯಿತೆಂದು ತಿಳಿಯದು. ಗ್ರಾಫ್ ಹಾಳೆಯ ಮೇಲೆ ರೇಖೆ ಎಳೆದರೆ ಒಳ್ಳೆಯ ಪ್ರಾಜೆಕ್ಟ್ ಆದೀತು.

ರೋಣದ ಆ ಮನೆಗೆ ಮರಳುವುದಾದರೆ, ಹೊಸ ಯಂತ್ರ ತರುವ ಮೊದಲು ಮಾಡಬಹುದಾದ ಕೆಲಸ ಬೇಕಾದಷ್ಟಿದೆ. ಗಾದಿಯಿಂದ ಮೇಜಿಗೆ ಬರಬೇಕು. ಸ್ಲ್ಯಾಬಿನ ಕೋಣೆಯಿಂದ ಕೆಳಗಿನ ತಂಪು ಪಡಸಾಲೆಗೆ ಇಳಿಯಬೇಕು. ಕಿಂಡಿಯ ಧೂಳು ತೆಗೆಯಬೇಕು, ವ್ಯಾಟಿಗೆ ಮಿತಿ ಹಾಕಬೇಕು. ಇಷ್ಟಕ್ಕೂ ಖರ್ಚು ಒಂದು ಕುಂಚದ್ದು. ಸುಡು ಮಧ್ಯಾಹ್ನದಲ್ಲಿ ಯಂತ್ರ ತಾನಾಗಿ ನಿಧಾನಿಸಿದರೆ ಅದಕ್ಕೂ ಮಗನ ಕಣ್ಣಿಗೂ ಒಂದು ತಾಸು ವಿಶ್ರಾಂತಿ. ಆಟಕ್ಕೆ ಸಂಜೆ ಇದ್ದೇ ಇದೆ.