ಘಟ್ಟದ ರಸ್ತೆಯೂ ಟರ್ಬೊ ಕಾರೂ

ಯಂತ್ರವೊಂದು ಕೈಗೆ ಬಂದೊಡನೆ ಅದನ್ನು ಇನ್ನಷ್ಟು ಚುರುಕುಗೊಳಿಸಬೇಕೆಂಬ ಆಸೆ ತರುಣರಲ್ಲಿ ಮೂಡುವುದು ಸಹಜ. ಆ ಆಸೆಯನ್ನು ನಾವು ಹಳಿಯುವುದಿಲ್ಲ. ಅನೇಕ ಯಂತ್ರಶಿಲ್ಪಿಗಳು ಹುಟ್ಟಿಕೊಂಡುದು ಅದರಿಂದಲೇ. ಆದರೆ ಯಾವ ಮಾರ್ಪಾಟು ಯಾವ ಎಡೆಯಲ್ಲಿ ಫಲಕಾರಿಯೆಂಬುದನ್ನು ಆಸೆಯಲ್ಲ, ಲೆಕ್ಕವು ತೀರ್ಮಾನಿಸಬೇಕು. ಹಾಸನ ಜಿಲ್ಲೆಯ ಸಕಲೇಶಪುರ, ಆಲೂರು ಸೀಮೆಯ ಏರಿಳಿತದ ರಸ್ತೆಗಳಲ್ಲಿ ಇಂದು ಟರ್ಬೊಚಾರ್ಜರ್ ಉಳ್ಳ, ಮುಂದಿನ ಗಾಲಿಗಳೇ ಎಳೆಯುವ ಸಣ್ಣ ಕಾರುಗಳು ಓಡಾಡುತ್ತಿವೆ. ಅವುಗಳ ಎಂಜಿನ್ನನ್ನು ಆಳುವ ಗಣಕದ ಲೆಕ್ಕವನ್ನು ತಿದ್ದಿ ಶಕ್ತಿಯನ್ನು ಹೆಚ್ಚಿಸುವ 'ರೀಮ್ಯಾಪ್' ಎಂಬ ಕ್ರಮದ ಮೋಹವೂ ಜೊತೆಯಲ್ಲಿಯೇ ಬಂದಿದೆ. ಈ ಬೆಟ್ಟಗಳಲ್ಲಿ ಅದು ಸಲ್ಲದೆಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಮುಂದಿಡುತ್ತೇವೆ.

ಟರ್ಬೊಚಾರ್ಜರಿನ ಕಲ್ಪನೆ ಹಳೆಯದು. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲಿಯೇ ಅದಕ್ಕೆ ಪೇಟೆಂಟ್ ಪಡೆದನು. ಉರಿದು ಹೊರಬೀಳುವ ಅನಿಲವು ಒಂದು ಚಕ್ರವನ್ನು ತಿರುಗಿಸುತ್ತದೆ; ಅದೇ ದಂಡದ ಇನ್ನೊಂದು ತುದಿಯ ಚಕ್ರವು ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ಗಾಳಿ ಹೆಚ್ಚಿದಷ್ಟೂ ಹೆಚ್ಚು ಇಂಧನವನ್ನು ಉರಿಸಬಹುದು. ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದ ಸಕಲೇಶಪುರದಲ್ಲಿ ಗಾಳಿಯ ಸಾಂದ್ರತೆ ಮಂಗಳೂರಿಗಿಂತ ಹತ್ತಿರ ಹತ್ತಿರ ಹತ್ತನೆಯ ಒಂದು ಪಾಲು ಕಡಮೆ. ಆದುದರಿಂದಲೇ ಅಲ್ಲಿ ಶಕ್ತಿಯನ್ನು ಹೆಚ್ಚಿಸಬೇಕೆಂದು ಕೆಲವರು ವಾದಿಸುವುದುಂಟು. ಈ ವಾದವು ಸಾಮಾನ್ಯ ಎಂಜಿನ್ನಿಗೆ ಸಲ್ಲಬಹುದು. ಟರ್ಬೊ ಎಂಜಿನ್ನಾದರೋ ಆ ಕೊರತೆಯನ್ನು ಹೆಚ್ಚು ವೇಗವಾಗಿ ಸುತ್ತಿ ತಾನೇ ತುಂಬಿಕೊಳ್ಳುತ್ತದೆ. ಹಾಗೆ ಮಾಡುವಾಗ ಗಾಳಿ ಹೆಚ್ಚು ಕಾಯುತ್ತದೆ. ಅಂದರೆ ಬೆಟ್ಟದ ಮೇಲೆ ಟರ್ಬೊವಿನ ಮೀಸಲು ಸಾಮರ್ಥ್ಯದಲ್ಲಿ ಒಂದಂಶ ಆಗಲೇ ವೆಚ್ಚವಾಗಿರುತ್ತದೆ.

ಈಗ ಒಂದು ಮಾದರಿ ಕಾರನ್ನು ತೆಗೆದುಕೊಳ್ಳೋಣ. ಅದರ ತೂಕ 1,100 ಕಿಲೋಗ್ರಾಂ. ಅದರಲ್ಲಿ ನೂರಕ್ಕೆ 60 ಪಾಲು ಮುಂದಿನ ಗಾಲಿಗಳ ಮೇಲಿದೆ. ಎಂಜಿನ್ನಿನ ಟಾರ್ಕ್, ಅಂದರೆ ತಿರುಚುವ ಬಲ, 175 ನ್ಯೂಟನ್-ಮೀಟರ್. ಎರಡನೆಯ ಗೇರಿನಲ್ಲಿ ಅದು ಏಳೂವರೆ ಪಟ್ಟಾಗಿ, 30 ಸೆಂಟಿಮೀಟರ್ ತ್ರಿಜ್ಯದ ಗಾಲಿಯನ್ನು ಮುಟ್ಟುತ್ತದೆಂದು ಎಣಿಸಿ, ನಡುವಿನ ನಷ್ಟವನ್ನು ಕಳೆದರೆ, ರಸ್ತೆಯ ಮೇಲಿನ ಎಳೆತ ಸುಮಾರು 4,000 ನ್ಯೂಟನ್. ಇನ್ನು ರಸ್ತೆ ಎಷ್ಟನ್ನು ಸ್ವೀಕರಿಸೀತು? ಕಾರು ಮುನ್ನುಗ್ಗುವಾಗಲೂ ಏರನ್ನು ಹತ್ತುವಾಗಲೂ ಭಾರವು ಹಿಂದಕ್ಕೆ ಸರಿದು ಮುಂದಿನ ಗಾಲಿಗಳು ಹಗುರಾಗುತ್ತವೆಂಬುದನ್ನೂ ಲೆಕ್ಕಕ್ಕೆ ಹಿಡಿದರೆ, ಒಣ ರಸ್ತೆಯ ಹಿಡಿತದ ಮಿತಿ ಸುಮಾರು 4,400 ನ್ಯೂಟನ್. ಘರ್ಷಣೆಯು ಅರ್ಧಕ್ಕಿಳಿದ ಒದ್ದೆ ರಸ್ತೆಯಲ್ಲಿ ಸುಮಾರು 2,400 ಮಾತ್ರ.

ವಿದ್ಯಾರ್ಥಿಗಳು ಈ ಅಂಕಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ಕಾರ್ಖಾನೆಯಿಂದ ಬಂದ ಸ್ಥಿತಿಯಲ್ಲಿಯೇ ಎಂಜಿನ್ನು ಒಣ ರಸ್ತೆಯ ಹಿಡಿತಕ್ಕೆ ಹೆಚ್ಚುಕಡಮೆ ಸಮನಾಗಿದೆ. ಮಳೆಗಾಲದ ರಸ್ತೆಗಂತೂ ಅದು ಈಗಾಗಲೇ ಮಿಗಿಲು. ಟಾರ್ಕನ್ನು ನೂರಕ್ಕೆ 30ರಷ್ಟು ಏರಿಸಿದರೆ ಎಳೆತ 5,200 ನ್ಯೂಟನ್ ಆದೀತು. ಆಗ ಒಣ ರಸ್ತೆಯಲ್ಲಿಯೂ ಗಾಲಿ ಜಾರಿ ಸುತ್ತುವುದೇ ಹೊರತು ಕಾರು ಹೆಚ್ಚು ಮುಂದೆ ಸಾಗದು. ತಿರುವಿನಲ್ಲಿ ಸ್ಥಿತಿ ಇನ್ನೂ ಕಷ್ಟದ್ದು. ಅಲ್ಲಿ ಮುಂದಿನ ಗಾಲಿಗಳು ಎಳೆಯಲೂ ಬೇಕು, ಹೊರಳಲೂ ಬೇಕು; ಇರುವ ಒಂದೇ ಹಿಡಿತವು ಎರಡು ಕೆಲಸಗಳಿಗೆ ಹಂಚಿಹೋಗುತ್ತದೆ. ಎಳೆತಕ್ಕೆ ಹೆಚ್ಚು ಕೊಟ್ಟರೆ ಹೊರಳಲು ಉಳಿಯದೆ, ಕಾರು ತಿರುವಿನ ಹೊರ ಅಂಚಿಗೆ ನೇರವಾಗಿ ಸಾಗುವುದು. ಮೇಲಿನ ಗೇರುಗಳಲ್ಲಿ ಹೆಚ್ಚುವರಿ ಶಕ್ತಿ ರಸ್ತೆಗಿಳಿಯುವುದೆಂಬುದು ನಿಜ. ಆದರೆ ಆ ಗೇರುಗಳ ಪೂರ್ಣವೇಗಕ್ಕೆ ಬಿಸಲೆ ಘಾಟಿಯಲ್ಲಿ ಎಡೆಯೆಲ್ಲಿದೆ?

ವೇಗದ ಪ್ರಶ್ನೆಯೇ ನಮಗೆ ಮುಖ್ಯವಾದುದು. ಒದ್ದೆ ರಸ್ತೆಯಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗದ ಕಾರು, ಚಾಲಕನು ಎಚ್ಚತ್ತುಕೊಳ್ಳುವ ಒಂದೂವರೆ ಸೆಕೆಂಡೂ ಸೇರಿ, ನಿಲ್ಲಲು ಸುಮಾರು 60 ಮೀಟರ್ ಬೇಡುತ್ತದೆ. 80 ಕಿಲೋಮೀಟರ್ ವೇಗಕ್ಕೆ ಸುಮಾರು 96 ಮೀಟರ್. ಮಂಜು ಕವಿದ ಕಾಫಿ ತೋಟದ ತಿರುವಿನಲ್ಲಿ ಅಷ್ಟು ದೂರ ಕಣ್ಣಿಗೆ ಕಾಣುವುದು ಅಪರೂಪ. ಸಕಲೇಶಪುರ, ಆಲೂರು ತಾಲ್ಲೂಕುಗಳು ಕಾಡಾನೆಗಳು ತೋಟಗಳಲ್ಲಿಯೇ ಸಂಚರಿಸುವ ನಾಡು; ಇರುಳಿನಲ್ಲಿ ಅವು ರಸ್ತೆ ದಾಟುವುದುಂಟು. ಅದೇ ರಸ್ತೆಯ ಅಂಚಿನಲ್ಲಿ ತೋಟದ ಕೂಲಿಯಾಳುಗಳೂ ಶಾಲೆಯ ಮಕ್ಕಳೂ ನಡೆದು ಹೋಗುತ್ತಾರೆ. ಮಾರ್ಪಾಟಿನ ಲಾಭ ಒಬ್ಬನದು, ಅಪಾಯ ಎಲ್ಲರದು.

ಹಾಗಾದರೆ ಏನನ್ನೂ ಮುಟ್ಟಬಾರದೆ? ಹಾಗಲ್ಲ. ಹಿಡಿತವನ್ನೂ ನಿಲ್ಲಿಸುವ ಸಾಮರ್ಥ್ಯವನ್ನೂ ಕಾಯುವ ಕೆಲಸಗಳೆಲ್ಲ ಸ್ವಾಗತಾರ್ಹ. ತಯಾರಕರು ಒಪ್ಪಿದ ಅಳತೆಯಲ್ಲಿಯೇ ಒದ್ದೆ ರಸ್ತೆಗೆ ಒದಗುವ ಉತ್ತಮ ಟಯರುಗಳನ್ನು ಹಾಕಬಹುದು. ಟಯರಿನ ಸವೆತವು 1.6 ಮಿಲಿಮೀಟರಿನ ಗುರುತನ್ನು ಮುಟ್ಟುವವರೆಗೆ ಕಾಯದೆ, ಮಳೆಗಾಲಕ್ಕೆ ಮೊದಲೇ ಬದಲಾಯಿಸಬಹುದು. ಎರಡನೆಯದು ಬ್ರೇಕು. ತುಂಬಿದ 1,400 ಕಿಲೋಗ್ರಾಂ ಕಾರು ಶಿರಾಡಿ ಘಾಟಿಯಲ್ಲಿ ಗುಂಡ್ಯದವರೆಗೆ ಸುಮಾರು 800 ಮೀಟರ್ ಇಳಿಯುವಾಗ ಬಿಟ್ಟುಕೊಡುವ ಶಕ್ತಿಯಿಂದ ಮೂವತ್ತು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವ ಬಿಸಿಗೆ ತರಬಹುದು. ಕೆಳ ಗೇರಿನಲ್ಲಿ ಇಳಿಯದಿದ್ದರೆ ಆ ಶಾಖದ ಬಹುಪಾಲನ್ನು ಬ್ರೇಕುಗಳೇ ನುಂಗಬೇಕು. ಡಾಟ್ 4 ದರ್ಜೆಯ ಬ್ರೇಕ್ ಎಣ್ಣೆಯು ಹೊಸದಿದ್ದಾಗ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು; ತೇವವನ್ನು ಹೀರಿಕೊಂಡ ಮೇಲೆ ಈ ಮಿತಿ 155ಕ್ಕೆ ಇಳಿಯುತ್ತದೆ. ಕುದಿದ ಎಣ್ಣೆಯಲ್ಲಿ ಆವಿಯ ಗುಳ್ಳೆಗಳೆದ್ದರೆ ಪೆಡಲು ಒತ್ತಿದರೂ ಬ್ರೇಕು ಹಿಡಿಯದು. ಆದುದರಿಂದ ಕಾಲಕಾಲಕ್ಕೆ ಆ ಎಣ್ಣೆಯನ್ನು ಬದಲಿಸುವುದು ಮಲೆನಾಡಿನಲ್ಲಿ ಯಾವ ರೀಮ್ಯಾಪಿಗಿಂತಲೂ ಬೆಲೆಯುಳ್ಳ ಕೆಲಸ.

ಕಾನೂನಿನ ಮಾತನ್ನೂ ಮರೆಯಬಾರದು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು, ನೋಂದಣಿಯ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನು ಎತ್ತಿ ಹಿಡಿಯಿತು. ಶಕ್ತಿಯ ಪ್ರಯೋಗವನ್ನೇ ಬಯಸುವವರಿಗೆ ಚೆನ್ನೈ ಬಳಿಯ ಇರುಂಗಾಟುಕೋಟೈಯಲ್ಲಿಯೂ ಕೊಯಮತ್ತೂರಿನಲ್ಲಿಯೂ ಸ್ಪರ್ಧಾಪಥಗಳಿವೆ. ಅಲ್ಲಿ ಎದುರಿನಿಂದ ಬಸ್ಸು ಬರುವುದಿಲ್ಲ, ಆನೆಯೂ ದಾಟುವುದಿಲ್ಲ.

ಯಂತ್ರದ ಮಿತಿಯನ್ನು ಅರಿಯುವುದೂ ವಿಜ್ಞಾನವೇ. ಕಾರಿಗೆ ಕೈ ಹಚ್ಚುವ ಮೊದಲು ನಮ್ಮ ತರುಣರು ಕಾಗದ ಪೆನ್ಸಿಲು ಹಿಡಿದು ತಮ್ಮ ಕಾರಿನ ಅಂಕಿಗಳಿಂದಲೇ ಮೇಲಿನ ಲೆಕ್ಕವನ್ನು ಮಾಡಿ ನೋಡಲಿ. ರಸ್ತೆಯು ಹಿಡಿಯಲಾರದ ಶಕ್ತಿಗೆ ಹಣ ತೆರುವುದು ಎಷ್ಟು ಸರಿಯೆಂಬುದನ್ನು ಆ ಲೆಕ್ಕವೇ ಅವರಿಗೆ ಹೇಳೀತು.