ನೀರು ಕುಡಿಯುವಷ್ಟು ಬಿಡುವು

ಪೀಣ್ಯದಲ್ಲೋ ಬೊಮ್ಮನಹಳ್ಳಿಯಲ್ಲೋ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳನ್ನು ಮಾತಾಡಿಸಿ ನೋಡಿ. ಬೆಳಿಗ್ಗೆ ತುಂಬಿಸಿಕೊಂಡು ಹೋದ ನೀರಿನ ಬಾಟಲಿ ಸಂಜೆಗೆ ಅರ್ಧವೂ ಖಾಲಿಯಾಗಿರುವುದಿಲ್ಲ ಎನ್ನುವವರು ಸಿಗುತ್ತಾರೆ. ಬಾಯಾರಿಕೆ ಆಗದೆ ಏನಿಲ್ಲ. ನೀರು ಕುಡಿದರೆ ಶೌಚಾಲಯಕ್ಕೆ ಹೋಗಬೇಕು, ಹೋದರೆ ಟಾರ್ಗೆಟ್ ತಪ್ಪುತ್ತದೆ. ಒಂದು ಅಂಗಿ ಹತ್ತಾರು ಕೈ ದಾಟಿ ತಯಾರಾಗುವ ಲೈನಿನಲ್ಲಿ ಕಾಲರ್ ಹೊಲಿಯುವವಳು ಐದು ನಿಮಿಷ ಎದ್ದರೂ ಅವಳ ಮುಂದೆ ಪೀಸುಗಳು ರಾಶಿ ಬೀಳುತ್ತವೆ, ಪಕ್ಕದವಳು ಕೆಲಸವಿಲ್ಲದೆ ಕೂರುತ್ತಾಳೆ, ಸೂಪರ್‌ವೈಸರ್ ದನಿ ಏರುತ್ತದೆ. ಉರಿಮೂತ್ರ, ತಲೆನೋವು, ಸೊಂಟನೋವುಗಳು ಅಲ್ಲೇ ಶುರುವಾಗುತ್ತವೆ.

ಕಂಪನಿಗಳು ನೌಕರರ ಯೋಗಕ್ಷೇಮದ ಮಾತೆತ್ತಿದಾಗ ನಾನು ಮೊದಲು ಕೇಳಬಯಸುವುದು ಈ ಬಾಟಲಿಯ ಬಗ್ಗೆ. ಯೋಗದ ತರಗತಿ, ಆರೋಗ್ಯ ತಪಾಸಣೆ ಶಿಬಿರ, ಆಯುಧಪೂಜೆಗೆ ಸಿಹಿ ಎಲ್ಲವೂ ಇರಲಿ. ಆದರೆ ‘ಚೆನ್ನಾಗಿ ನೀರು ಕುಡಿಯಮ್ಮ’ ಎಂದು ಶಿಬಿರದ ಡಾಕ್ಟರು ಹೇಳಿ ಕಳಿಸಿದ ಹೆಂಗಸು ಮತ್ತೆ ಅದೇ ಟಾರ್ಗೆಟ್ಟಿನ ಮುಂದೆ ಹೋಗಿ ಕೂರಬೇಕಾದರೆ ಆ ಸಲಹೆಯಿಂದ ಏನು ಬಂತು? ಕೆಲಸದ ಏರ್ಪಾಟನ್ನು ಮುಟ್ಟದೆ ಕೆಲಸಗಾರರ ಆರೋಗ್ಯ ಸುಧಾರಿಸುವುದಿಲ್ಲ. ಎದ್ದವರ ಜಾಗದಲ್ಲಿ ಕೂರಲು ಲೈನಿಗೊಬ್ಬ ಹೆಚ್ಚುವರಿ ಟೈಲರ್ ಇರಬೇಕು, ಟಾರ್ಗೆಟ್ ನಿಗದಿ ಮಾಡುವಾಗಲೇ ಆ ನಿಮಿಷಗಳನ್ನು ಕಳೆದಿರಬೇಕು.

ಇದರಲ್ಲಿ ಹೊಸ ಬೇಡಿಕೆ ಏನೂ ಇಲ್ಲ. ಕುಡಿಯುವ ನೀರು, ಶೌಚಾಲಯ, ಗಾಳಿ, ನಿಂತು ದುಡಿಯುವವರಿಗೆ ಕೂರುವ ಅನುಕೂಲ ಎಲ್ಲವನ್ನೂ 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. 30ಕ್ಕಿಂತ ಹೆಚ್ಚು ಹೆಂಗಸರಿದ್ದರೆ ಶಿಶುಪಾಲನಾ ಕೇಂದ್ರವೂ ಬೇಕೆಂದಿತ್ತು. ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿ ಮಗುವನ್ನು ನೋಡಿಬರಬಹುದು ಎಂದು 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಸೇರಿಸಿತು. ಒಂದು ಸಲ ಏಳುವುದೇ ಕಷ್ಟವಿರುವ ಲೈನಿನಲ್ಲಿ ನಾಲ್ಕು ಸಲ ಏಳುವುದು ಹೇಗೆ? 2025ರಲ್ಲಿ ನಮ್ಮ ರಾಜ್ಯ ಸರ್ಕಾರ ಒಪ್ಪಿದ, ತಿಂಗಳಿಗೊಂದು ದಿನದ ವೇತನಸಹಿತ ಮುಟ್ಟಿನ ರಜೆಯೂ ಇಲ್ಲೇ ಸಿಕ್ಕಿಕೊಳ್ಳುತ್ತದೆ. ಗಂಡಸು ಸೂಪರ್‌ವೈಸರ್ ಎದುರು, ಇಡೀ ಲೈನ್ ಕೇಳಿಸಿಕೊಳ್ಳುವಾಗ, ಆ ರಜೆ ಕೇಳಲು ಎಷ್ಟು ಜನ ಬಾಯಿಬಿಟ್ಟಾರು? ಹಾಜರಿ ನೋಡಿಕೊಳ್ಳುವ ಹೆಣ್ಣುಮಗಳೊಬ್ಬಳಿಗೆ ಹೇಳಿದರೆ ಸಾಕು ಎಂಬಂತಿದ್ದರೆ ಬಳಕೆಗೆ ಬಂದೀತು.

ಮಾಲೀಕರ ಕಷ್ಟವೂ ನಿಜವೇ. ರಫ್ತಿನ ಬಟ್ಟೆಗೆ ಬೆಲೆ ಕಟ್ಟುವವರು, ಗಡುವು ಕೊಡುವವರು ದೂರದ ಬ್ರ್ಯಾಂಡ್‌ನವರು. ಹಾಗೆಂದು ಕೆಲಸಗಾರರಿಗಾಗಿ ಹಾಕಿದ ದುಡ್ಡೆಲ್ಲ ಹೋದ ಲೆಕ್ಕ ಎಂಬ ನಂಬಿಕೆ ತಪ್ಪು. ಅಚ್ಯುತ ಅಧ್ವರ್ಯು, ನಮ್ರತಾ ಕಾಲಾ, ಅನಂತ್ ನೈಷಧಂ ಎಂಬ ಅರ್ಥಶಾಸ್ತ್ರಜ್ಞರು ಬೆಂಗಳೂರು ಸುತ್ತಿನ ಗಾರ್ಮೆಂಟ್ಸ್‌ಗಳಲ್ಲೇ ಇದನ್ನು ಅಳೆದು ನೋಡಿದ್ದಾರೆ. ಹಳೆಯ ದೀಪ ತೆಗೆದು ಎಲ್‌ಇಡಿ ಹಾಕಿದಾಗ ಫ್ಲೋರಿನ ಸೆಕೆ ಇಳಿಯಿತು, ಬಿಸಿಲಿನ ದಿನಗಳಲ್ಲಿ ಉತ್ಪಾದನೆ ಹೆಚ್ಚಿತು. ಕರೆಂಟ್ ಬಿಲ್ಲಿನ ಉಳಿತಾಯದಿಂದಷ್ಟೇ ಆಗಿದ್ದರೆ ದೀಪದ ಖರ್ಚು ಹುಟ್ಟಲು ಮೂರೂವರೆ ವರ್ಷ ಬೇಕಿತ್ತು. ಹೆಚ್ಚಿದ ಉತ್ಪಾದನೆ ಸೇರಿದರೆ ಎಂಟು ತಿಂಗಳೂ ಬೇಡ.

ಇವರಲ್ಲಿ ಅಧ್ವರ್ಯು ಮತ್ತು ನೈಷಧಂ ಪಾಲ್ಗೊಂಡ ಇನ್ನೊಂದು ಅಧ್ಯಯನ ನನಗೆ ಇನ್ನೂ ಮುಖ್ಯವೆನಿಸುತ್ತದೆ. ಸಂಬಳ ಏರಿಕೆ ನಿರೀಕ್ಷೆಗಿಂತ ಕಡಿಮೆ ಬಂದ ಸಮಯದಲ್ಲಿ ಕೆಲವು ಕೆಲಸಗಾರರಿಗೆ ಹೆಸರು ಬರೆಯದೆ ಸಂಬಳ, ಸೂಪರ್‌ವೈಸರ್, ಕೆಲಸದ ಬಗ್ಗೆ ಅಭಿಪ್ರಾಯ ಹೇಳುವ ಅವಕಾಶ ಕೊಟ್ಟರು. ಹಾಗೆ ಹೇಳಿಕೊಂಡವರಲ್ಲಿ ಕೆಲಸ ಬಿಟ್ಟವರು ಕಡಿಮೆ. ಕಿವಿಗೊಟ್ಟರೆ ಸಾಕು, ಸಂಬಳ ಏರಿಸಬೇಕಿಲ್ಲ ಎಂದು ಇದನ್ನು ಅರ್ಥಮಾಡಿಕೊಂಡರೆ ಅನ್ಯಾಯ. ಹೇಳಿದ್ದಕ್ಕೆ ಏನೂ ಆಗದಿದ್ದರೆ ಮುಂದಿನ ಸಲ ಯಾರೂ ಹೇಳುವುದಿಲ್ಲ. ಪಿಎಫ್ ಹಿಂಪಡೆಯುವ ನಿಯಮ ಬಿಗಿಗೊಳಿಸುವುದರ ವಿರುದ್ಧ 2016ರ ಏಪ್ರಿಲ್‌ನಲ್ಲಿ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಹೊಸೂರು ರಸ್ತೆಗಿಳಿದರು, ಎರಡೇ ದಿನಕ್ಕೆ ಕೇಂದ್ರ ಸರ್ಕಾರ ಆ ನಿಯಮ ಕೈಬಿಟ್ಟಿತು. ರಸ್ತೆಯಲ್ಲಿ ಕೇಳಿಸಿದ ದನಿ ಫ್ಲೋರಿನಲ್ಲೂ ಕೇಳಿಸಬೇಕಾದರೆ ಲೈನಿನವರೇ ಆರಿಸಿದ ಸಮಿತಿ ಬೇಕು, ಮ್ಯಾನೇಜ್‌ಮೆಂಟ್ ಅದರ ಜೊತೆ ತಿಂಗಳಿಗೊಮ್ಮೆ ಕೂತು ಟಾರ್ಗೆಟ್ ಬಗ್ಗೆಯೂ ಮಾತಾಡಬೇಕು. ತೀರ್ಮಾನವಾದದ್ದನ್ನು ಎಲ್ಲರ ಕಣ್ಣಿಗೆ ಬೀಳುವಲ್ಲಿ ಕನ್ನಡದಲ್ಲಿ ಅಂಟಿಸಬೇಕು. ಒಡಿಶಾ, ಜಾರ್ಖಂಡ್‌ನಿಂದ ಬಂದು ಹಾಸ್ಟೆಲಿನಲ್ಲಿರುವ ಹುಡುಗಿಯರು ಓದುವ ಭಾಷೆಗಳಲ್ಲೂ.